ಕೆರಟೋಕೋನಸ್: ಕನ್ನಡಕದಿಂದ ಆಗದ್ದು ಲೆನ್ಸಿನಿಂದ ಹೇಗಾಗುತ್ತದೆ?

ನನ್ನ ತಮ್ಮ ಸೆಕೆಂಡ್ ಪಿಯುಸಿ ಓದುತ್ತಿದ್ದ ವರ್ಷ ಮೂರು ಸಲ ಕನ್ನಡಕ ಬದಲಾಯಿಸಿದ. ಪ್ರತಿ ಸಲವೂ ಸಿಲಿಂಡರ್ ಪವರ್ ಏರಿರುತ್ತಿತ್ತು, ಅಂಗಡಿಯವರು ಹೊಸ ಗ್ಲಾಸ್ ಹಾಕಿ ಕಳಿಸುತ್ತಿದ್ದರು, ಹದಿನೈದು ದಿನ ಕಳೆಯುವಷ್ಟರಲ್ಲಿ ಅವನು ಮತ್ತೆ ಬೋರ್ಡ್ ಕಾಣಲ್ಲ ಅನ್ನುತ್ತಿದ್ದ. ಮೊಬೈಲ್ ಜಾಸ್ತಿ ನೋಡ್ತೀಯ ಅಂತ ನಾವೆಲ್ಲ ಬೈದೆವು. ಅವನು ಹೇಳುತ್ತಿದ್ದದ್ದನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. "ಮಸುಕು ಅಲ್ಲ ಅಕ್ಕ, ಒಂದರ ಮೇಲೊಂದು ಕಾಣುತ್ತೆ" ಅನ್ನುತ್ತಿದ್ದ. ಬೀದಿದೀಪ ನೋಡಿದರೆ ಅದಕ್ಕೊಂದು ಬಾಲ. ಒಂದು ಕಣ್ಣು ಮುಚ್ಚಿಕೊಂಡು ಚಂದ್ರನನ್ನು ನೋಡಿದರೂ ನಾಲ್ಕೈದು ಚಂದ್ರ. ಕನ್ನಡಕ ಹಾಕಿಕೊಂಡ ಮೇಲೂ ಒಂದೇ ಕಣ್ಣಿಗೆ ಎರಡೆರಡು ಕಾಣುತ್ತಿದೆ ಅಂದರೆ ಅದು ಬರೀ ಪವರ್ ಏರಿದ್ದಲ್ಲ ಅಂತ ನಮಗೆ ಗೊತ್ತಾದದ್ದು, ಕೊನೆಗೆ ಒಬ್ಬ ಕಣ್ಣಿನ ಡಾಕ್ಟರು ಕಾರ್ನಿಯಾದ ಟೋಪೋಗ್ರಫಿ, ಅಂದರೆ ಕಣ್ಣಿನ ಮುಂದಿನ ತಿಳಿ ಪದರದ ಉಬ್ಬುತಗ್ಗಿನ ನಕ್ಷೆ, ಮಾಡಿಸಿದಾಗ. ಎರಡೂ ಕಣ್ಣಲ್ಲಿ ಕೆರಟೋಕೋನಸ್ ಇತ್ತು.

ಇವತ್ತು ಅವನು ಸ್ಕ್ಲೀರಲ್ ಲೆನ್ಸ್, ಅಂದರೆ ಕಣ್ಣಿನ ಬಿಳಿ ಭಾಗದ ಮೇಲೆ ಕೂರುವ ದೊಡ್ಡ ಗಟ್ಟಿ ಲೆನ್ಸ್, ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಅಲ್ಲಿಗೆ ತಲುಪಲು ಆರು ವರ್ಷ ಹಿಡಿಯಿತು. ಆ ಓಡಾಟದಲ್ಲಿ ಅವನ ಜೊತೆ ಕೂತು ಕೇಳಿದ್ದು, ಕಲಿತದ್ದು, ಆಮೇಲೆ ಓದಿಕೊಂಡದ್ದು ಎಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಮೊದಲ ದಿನವೇ ಯಾರಾದರೂ ಇದನ್ನು ಕನ್ನಡದಲ್ಲಿ ಕೂರಿಸಿ ಹೇಳಿದ್ದರೆ ನಮ್ಮ ಮನೆಯಲ್ಲಿ ಎಷ್ಟೋ ರಾತ್ರಿಗಳ ಭಯ ಕಡಿಮೆಯಾಗುತ್ತಿತ್ತು.

ಮೊದಲು ಕಾರ್ನಿಯಾ. ಕಣ್ಣಿನ ಕಪ್ಪು ಭಾಗದ ಮುಂದೆ, ವಾಚಿನ ಮೇಲಿನ ಗಾಜಿನ ಹಾಗೆ, ಒಂದು ತಿಳಿಯಾದ ಪದರ ಇರುತ್ತದೆ. ಮಧ್ಯದಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ನಮ್ಮ ಕಣ್ಣಿಗೆ ಒಟ್ಟು 60 ಡಯಾಪ್ಟರಿನಷ್ಟು ಪವರ್ ಇದ್ದರೆ ಅದರಲ್ಲಿ 43ರಷ್ಟು ಈ ಪದರದ್ದೇ. ಅಂದರೆ ನೋಟದ ಮುಕ್ಕಾಲು ಪಾಲಿನಷ್ಟು ಭಾರ ಈ ತೆಳು ಪದರದ ಉಬ್ಬಿನ ಮೇಲೆ ನಿಂತಿದೆ. ಆ ಉಬ್ಬು ನುಣ್ಣಗೆ, ಒಂದೇ ಸಮ ಇರಬೇಕು. ಕೆರಟೋಕೋನಸ್ ಬಂದವರಲ್ಲಿ ಕಾರ್ನಿಯಾ ಒಂದು ಕಡೆ ತೆಳುವಾಗುತ್ತದೆ, ಸಾಮಾನ್ಯವಾಗಿ ಮಧ್ಯಕ್ಕಿಂತ ಸ್ವಲ್ಪ ಕೆಳಗೆ. ತೆಳುವಾದ ಜಾಗ ಒಳಗಿನ ಒತ್ತಡ ತಡೆಯಲಾರದೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಗುಂಡಗಿದ್ದದ್ದು ಶಂಕುವಿನ ಆಕಾರಕ್ಕೆ ತಿರುಗುತ್ತದೆ. ಹೆಸರಲ್ಲಿರುವ 'ಕೋನಸ್' ಅದೇ. ಹೆಚ್ಚಾಗಿ ಹದಿಹರೆಯದಲ್ಲಿ ಶುರುವಾಗಿ, ಇಪ್ಪತ್ತರ ಆಸುಪಾಸಲ್ಲಿ ಜೋರಾಗಿ ಬೆಳೆದು, ನಲವತ್ತರ ಹೊತ್ತಿಗೆ ತಾನಾಗಿ ನಿಧಾನವಾಗುತ್ತದೆ. ಎರಡೂ ಕಣ್ಣಿಗೆ ಬರುವುದೇ ಜಾಸ್ತಿ, ಆದರೆ ಒಂದು ಕಣ್ಣು ಇನ್ನೊಂದಕ್ಕಿಂತ ಮುಂದಿರುತ್ತದೆ.

ಯಾಕೆ ಬರುತ್ತದೆ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ವಂಶದಲ್ಲಿ ಇರಬಹುದು. ಕಣ್ಣಿನ ಅಲರ್ಜಿ ಇದ್ದವರಲ್ಲಿ ಜಾಸ್ತಿ. ಕಣ್ಣು ಉಜ್ಜುವ ಅಭ್ಯಾಸಕ್ಕೂ ಇದಕ್ಕೂ ಗಟ್ಟಿ ನಂಟಿದೆ. ನನ್ನ ತಮ್ಮ ಚಿಕ್ಕವನಿದ್ದಾಗಿನಿಂದ ಬೇಸಿಗೆ ಬಂತೆಂದರೆ ಕಣ್ಣು ಕೆಂಪಾಗಿ, ಬೆರಳ ಗೆಣ್ಣಿನಿಂದ ಒತ್ತಿ ಒತ್ತಿ ಉಜ್ಜುತ್ತಿದ್ದ. ನಾವು ಅದನ್ನು ಧೂಳು ಅಂತ ಬಿಟ್ಟಿದ್ದೆವು.

ಈಗ ಮುಖ್ಯ ವಿಷಯ. ಕನ್ನಡಕ ಯಾಕೆ ಸಾಲದು?

ಸಾಮಾನ್ಯ ಸಿಲಿಂಡರ್ ಪವರ್ ಇದ್ದವರ ಕಾರ್ನಿಯಾ ಮಲಗಿಸಿದ ಮೊಟ್ಟೆಯ ಹಾಗೆ. ಉದ್ದಕ್ಕೆ ಒಂದು ಬಾಗು, ಅಡ್ಡಕ್ಕೆ ಇನ್ನೊಂದು ಬಾಗು. ಎರಡೇ ಲೆಕ್ಕ, ಎರಡಕ್ಕೂ ಸರಿಯಾಗಿ ಗ್ಲಾಸ್ ತಯಾರಿಸಬಹುದು. ಕೆರಟೋಕೋನಸ್ ಕಣ್ಣಲ್ಲಿ ಹಾಗಲ್ಲ, ಒಂದೊಂದು ಚುಕ್ಕೆಯಲ್ಲೂ ಇಳಿಜಾರು ಬೇರೆ ಬೇರೆ. ಅಷ್ಟೂ ಏರುಪೇರಿಗೆ ತಕ್ಕ ಗ್ಲಾಸ್ ಮಾಡಿಸಿದರು ಅಂತಲೇ ಇಟ್ಟುಕೊಳ್ಳಿ, ಕನ್ನಡಕ ಕಣ್ಣಿನಿಂದ ಒಂದು ಸೆಂಟಿಮೀಟರಿಗಿಂತ ದೂರದಲ್ಲಿ ಕೂತಿರುತ್ತದೆ, ಕಣ್ಣು ಅದರ ಹಿಂದೆ ಅತ್ತಿತ್ತ ತಿರುಗುತ್ತಲೇ ಇರುತ್ತದೆ, ಹಾಗಾಗಿ ಗ್ಲಾಸಿನ ಚುಕ್ಕೆಗೂ ಕಾರ್ನಿಯಾದ ಚುಕ್ಕೆಗೂ ಒಂದು ಕ್ಷಣವೂ ಹೊಂದಿಕೆ ಆಗುವುದಿಲ್ಲ. ಶುರುವಿನ ಹಂತದಲ್ಲಿ ಕನ್ನಡಕ ಸಾಕಾಗುತ್ತದೆ. ಆಮೇಲೆ ಎಷ್ಟು ಸಲ ಬದಲಾಯಿಸಿದರೂ ಬಾಲ, ನೆರಳು ಹೋಗುವುದಿಲ್ಲ.

ಇಲ್ಲಿ ಲೆನ್ಸ್ ಮಾಡುವ ಕೆಲಸವೇ ಬೇರೆ. ಮಳೆಗಾಲದ ನಮ್ಮ ರಸ್ತೆ ನೆನಪಿಸಿಕೊಳ್ಳಿ. ಗುಂಡಿ ಎಷ್ಟೇ ಆಳವಿರಲಿ, ವಕ್ರವಿರಲಿ, ನೀರು ತುಂಬಿದ ಮೇಲೆ ಮೇಲಿನಿಂದ ನೋಡಿದರೆ ಎಲ್ಲ ಸಮ. ಗಟ್ಟಿ ಲೆನ್ಸ್ ಒಂದನ್ನು ಕಾರ್ನಿಯಾ ಮೇಲೆ ಇಟ್ಟಾಗ ಆಗುವುದೂ ಇದೇ. ಲೆನ್ಸ್ ತನ್ನ ಆಕಾರ ಬಿಟ್ಟುಕೊಡುವುದಿಲ್ಲ, ಅದರ ಅಡಿಗೂ ಕಾರ್ನಿಯಾಕ್ಕೂ ನಡುವೆ ಇರುವ ತಗ್ಗುಗಳಲ್ಲಿ ಕಣ್ಣೀರು ತುಂಬಿಕೊಳ್ಳುತ್ತದೆ. ಬೆಳಕಿಗೆ ಈಗ ಸಿಗುವುದು ಲೆನ್ಸಿನ ನುಣುಪಾದ ಮುಖ. ನಿಜವಾಗಿ ರಿಪೇರಿ ಮಾಡುತ್ತಿರುವುದು ಆ ಕಣ್ಣೀರಿನ ಪದರ. ಲೆನ್ಸ್ ಅದನ್ನು ಆಕಾರದಲ್ಲಿ ಹಿಡಿದಿಟ್ಟುಕೊಂಡಿದೆ ಅಷ್ಟೇ.

ಬರೀ ಹೋಲಿಕೆ ಸಾಲದು ಅನ್ನುವವರಿಗೆ ಲೆಕ್ಕವೂ ಇದೆ. ಬೆಳಕು ಎಷ್ಟು ಬಾಗುತ್ತದೆ ಅನ್ನುವುದು ಎರಡು ವಸ್ತುಗಳ ವಕ್ರೀಭವನದ ಸಂಖ್ಯೆಗಳ ವ್ಯತ್ಯಾಸದ ಮೇಲೆ ನಿಂತಿದೆ. ಗಾಳಿಗೆ 1, ಕಾರ್ನಿಯಾಗೆ 1.376, ಕಣ್ಣೀರಿಗೆ 1.336. ಉಬ್ಬುತಗ್ಗಿನ ಕಾರ್ನಿಯಾಗೆ ಎದುರಾಗಿ ಗಾಳಿ ಇದ್ದರೆ ವ್ಯತ್ಯಾಸ 0.376. ಕಣ್ಣೀರು ಇದ್ದರೆ ಬರೀ 0.040. ಹತ್ತರಲ್ಲಿ ಒಂದು ಪಾಲು! ಅಂದರೆ ಉಬ್ಬುತಗ್ಗು ಇದ್ದಲ್ಲೇ ಇದೆ, ಆದರೆ ಅದರ ಕೆಟ್ಟ ಪರಿಣಾಮದಲ್ಲಿ ಹತ್ತಿರ ಹತ್ತಿರ ಒಂಬತ್ತು ಪಾಲು ಅಳಿಸಿಹೋಯಿತು. ಈ ಲೆಕ್ಕ ತಿಳಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಉಳಿಯುವ ಆ ಒಂದು ಪಾಲು, ಜೊತೆಗೆ ಕಾರ್ನಿಯಾದ ಒಳಮುಖದಲ್ಲಿರುವ ಏರುಪೇರು, ಇವೆರಡನ್ನೂ ಮಾಮೂಲಿ ಲೆನ್ಸ್ ಪೂರ್ತಿ ಅಳಿಸಲಾರದು. ಒಳ್ಳೆ ಲೆನ್ಸ್ ಹಾಕಿದ ಮೇಲೂ ಕೆಲವರಿಗೆ ರಾತ್ರಿ ದೀಪಗಳ ಸುತ್ತ ಚೂರು ನೆರಳು ಉಳಿಯುವುದು ಇದಕ್ಕೇ. ಲೆನ್ಸ್ ಸರಿಯಿಲ್ಲ ಅಂತಲೇ ಆಗಬೇಕಿಲ್ಲ.

ಈ ಯೋಚನೆ ಹೊಸದಲ್ಲ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 19ನೇ ಶತಮಾನದ ಮೊದಲರ್ಧದಲ್ಲೇ, ಸೊಟ್ಟಗಿರುವ ಕಾರ್ನಿಯಾ ಮೇಲೆ ತಿಳಿಯಾದ ಜೆಲ್ಲಿ ತುಂಬಿದ ಗಾಜಿನ ಬಟ್ಟಲು ಇಟ್ಟರೆ ಹೇಗೆ ಅಂತ ಬರೆದಿದ್ದರು. 1888ರಲ್ಲಿ ಜ್ಯೂರಿಕ್‌ನಲ್ಲಿ ಅಡಾಲ್ಫ್ ಫಿಕ್ ಅದನ್ನು ಮಾಡಿಯೇ ತೋರಿಸಿದರು. ಗಾಜಿನ ದೊಡ್ಡ ಚಿಪ್ಪು, ಒಳಗೆ ಸಕ್ಕರೆ ದ್ರಾವಣ, ಕೂರುವುದು ಕಣ್ಣಿನ ಬಿಳಿ ಭಾಗದ ಮೇಲೆ. ಅದೇ ವರ್ಷ ಪ್ಯಾರಿಸ್‌ನಲ್ಲಿ ಯುಜೀನ್ ಕಾಲ್ಟ್ ಕೆರಟೋಕೋನಸ್ ಇದ್ದವರಿಗೆ ಗಾಜಿನ ಲೆನ್ಸ್ ಹಾಕಿ ನೋಡಿದರು. ಕಾಂಟ್ಯಾಕ್ಟ್ ಲೆನ್ಸ್ ಹುಟ್ಟಿದ ಕಾಲದಲ್ಲೇ ಅದರ ಮುಂದೆ ಕೂತವರಲ್ಲಿ ನನ್ನ ತಮ್ಮನಂಥವರು ಇದ್ದರು ಅಂತ ಓದಿದಾಗ ಮನಸ್ಸಿಗೆ ತಟ್ಟಿತು. ಆದರೆ ಆ ಗಾಜನ್ನು ಕೆಲವೇ ಗಂಟೆ ಹಾಕಿಕೊಳ್ಳಬಹುದಿತ್ತು. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ, ಅದು ಆಮ್ಲಜನಕವನ್ನು ಹೆಚ್ಚಾಗಿ ಹೊರಗಿನ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಗಾಜು ಮುಚ್ಚಿದರೆ ಉಸಿರುಕಟ್ಟಿ ಊದಿಕೊಂಡು ಮಂಜಾಗುತ್ತದೆ. 1948ರಲ್ಲಿ ಅಮೆರಿಕದ ಕೆವಿನ್ ಟುವೋಹಿ ಕಾರ್ನಿಯಾ ಮೇಲಷ್ಟೇ ಕೂರುವ ಚಿಕ್ಕ ಪ್ಲಾಸ್ಟಿಕ್ ಲೆನ್ಸ್ ತಂದರು, 1970ರ ದಶಕದಲ್ಲಿ ಗಾಳಿ ಹಾಯುವ ಪ್ಲಾಸ್ಟಿಕ್ ಬಂತು, 1983ರಲ್ಲಿ ಆಸ್ಟ್ರೇಲಿಯಾದ ಡಾನ್ ಎಜೆಕಿಯಲ್ ಅಂಥ ಪ್ಲಾಸ್ಟಿಕ್‌ನಲ್ಲೇ ದೊಡ್ಡ ಲೆನ್ಸ್ ಮಾಡಿದ್ದನ್ನು ಪ್ರಕಟಿಸಿದರು. ಫಿಕ್ ಶುರು ಮಾಡಿದ ಆಕಾರಕ್ಕೆ ನೂರು ವರ್ಷ ಆಗುವ ಹೊತ್ತಿಗೆ ಸರಿಯಾದ ವಸ್ತು ಸಿಕ್ಕಿತು.

ಇನ್ನು ಈಗ ಸಿಗುವ ಲೆನ್ಸ್‌ಗಳು. ಅಂಗಡಿಯಲ್ಲಿ ಸಿಗುವ ಮಾಮೂಲಿ ಸಾಫ್ಟ್ ಲೆನ್ಸ್ ಇದಕ್ಕೆ ಹೆಚ್ಚು ಪ್ರಯೋಜನವಿಲ್ಲ. ಅದು ಗುಂಡಿಯ ಮೇಲೆ ಹಾಸಿದ ಬಟ್ಟೆಯ ಹಾಗೆ, ಕಾರ್ನಿಯಾ ಹೇಗಿದೆಯೋ ಹಾಗೇ ಬಾಗುತ್ತದೆ. ಕೆರಟೋಕೋನಸ್‌ಗೆಂದೇ ದಪ್ಪಗೆ ಮಾಡಿಸುವ ಸಾಫ್ಟ್ ಲೆನ್ಸ್ ಇದೆ, ಶುರುವಿನ ಹಂತದವರಿಗೆ ಸಾಕಾಗಬಹುದು.

ಹೆಚ್ಚಿನವರಿಗೆ ಮೊದಲು ಕೊಡುವುದು ಆರ್‌ಜಿಪಿ, ಅಂದರೆ ಗಾಳಿ ಹಾಯುವ ಗಟ್ಟಿ ಲೆನ್ಸ್. ನಮ್ಮ ಕಡೆ ಆಪ್ಟಿಕಲ್ಸ್‌ನವರು ಇದನ್ನೇ ಸೆಮಿ ಸಾಫ್ಟ್ ಲೆನ್ಸ್ ಅನ್ನುತ್ತಾರೆ. ಹೆಸರು ಕೇಳಿ ಮೋಸ ಹೋಗಬೇಡಿ, ಅದು ಮೆತ್ತಗೆ ಇರುವುದಿಲ್ಲ. ಹಳೆ ಕಾಲದ ಹಾರ್ಡ್ ಲೆನ್ಸಿಗೆ ಹೋಲಿಸಿ ಇಟ್ಟ ಹೆಸರು ಅಂತ ನಮಗೆ ಹೇಳಿದರು. ಕಾರ್ನಿಯಾಗಿಂತ ಚಿಕ್ಕದು, ಸುಮಾರು 9-10 ಮಿಲಿಮೀಟರ್ ಅಗಲ. ಕಣ್ಣೀರಿನ ಮೇಲೆ ತೇಲುತ್ತಾ, ರೆಪ್ಪೆ ಬಡಿದಾಗಲೆಲ್ಲ ಸ್ವಲ್ಪ ಸರಿದು ಮತ್ತೆ ಜಾಗಕ್ಕೆ ಬರುತ್ತದೆ. ನ್ಯೂಜಿಲೆಂಡಿನ ಪಾಲ್ ರೋಸ್ ಕೆರಟೋಕೋನಸ್‌ಗಾಗಿಯೇ ವಿನ್ಯಾಸ ಮಾಡಿದ ರೋಸ್ ಕೆ ಲೆನ್ಸ್ ಕೂಡ ಈ ಜಾತಿಯದೇ, ಶಂಕುವಿನ ಆಕಾರಕ್ಕೆ ಹೊಂದುವಂತೆ ಒಳಬಾಗು ಬದಲಾಗುತ್ತಾ ಹೋಗುತ್ತದೆ.

ತಮ್ಮನಿಗೆ ಮೊದಲ ಸಲ ಸೆಮಿ ಸಾಫ್ಟ್ ಹಾಕಿದ ದಿನ ನಾನು ಅಲ್ಲೇ ಇದ್ದೆ. ಎರಡೂ ಕಣ್ಣಿಂದ ಧಾರಾಕಾರ ನೀರು. ತಲೆ ಎತ್ತಲು ಆಗುತ್ತಿರಲಿಲ್ಲ. ಅರ್ಧ ಗಂಟೆ ಬಿಟ್ಟು ಚಾರ್ಟ್ ತೋರಿಸಿದರು. ಕನ್ನಡಕದಲ್ಲಿ ದೊಡ್ಡ ಅಕ್ಷರದ ಕೆಳಗೆ ಎರಡು ಸಾಲು ಓದುವವನು, ಇನ್ನೂ ನೀರು ಸುರಿಯುತ್ತಿರುವಾಗಲೇ ಕೊನೆಗೆ ಒಂದು ಸಾಲು ಉಳಿಸಿ ಎಲ್ಲ ಓದಿದ. ಓದಿ ಸುಮ್ಮನೆ ಕೂತುಬಿಟ್ಟ. ಅಮ್ಮ ಅತ್ತರು.

ಆ ಚುಚ್ಚುವಿಕೆ ಎರಡು-ಮೂರು ವಾರದಲ್ಲಿ ಬಹಳ ಮಟ್ಟಿಗೆ ಇಳಿಯುತ್ತದೆ. ರೆಪ್ಪೆಯ ಅಂಚು ಲೆನ್ಸಿನ ಅಂಚಿಗೆ ತಾಗುವುದೇ ಮುಖ್ಯ ಕಾರಣ. ಮೊದಲು ದಿನಕ್ಕೆ ಎರಡು-ಮೂರು ಗಂಟೆ ಹಾಕಿ, ಮೆಲ್ಲಗೆ ಹೆಚ್ಚಿಸಿಕೊಂಡು ಹೋಗಬೇಕು. ಆದರೆ ಧೂಳು ಬೇರೆ ವಿಷಯ. ಬೈಕಲ್ಲಿ ಹೋಗುವಾಗ ಒಂದು ಕಣ ಲೆನ್ಸಿನ ಅಡಿಗೆ ಸಿಕ್ಕಿತೆಂದರೆ ಗಾಡಿ ಬದಿಗೆ ಹಾಕಲೇಬೇಕು, ಬೇರೆ ದಾರಿಯೇ ಇಲ್ಲ. ದೇಹದಲ್ಲೇ ಅತಿ ಹೆಚ್ಚು ನರಗಳ ತುದಿ ಇರುವ ಜಾಗಗಳಲ್ಲಿ ಕಾರ್ನಿಯಾ ಒಂದು. ಹೆಲ್ಮೆಟ್ಟಿನ ಗಾಜು ಇಳಿಸಿಯೇ ಓಡಿಸಿ, ಒಳಗೆ ಮಾಮೂಲಿ ಪ್ಲೇನ್ ಕನ್ನಡಕ ಹಾಕಿದರೆ ಇನ್ನೂ ಒಳ್ಳೆಯದು.

ಇದಕ್ಕಿಂತ ಗಂಭೀರವಾದ ಇನ್ನೊಂದು ಮಾತಿದೆ. ಲೆನ್ಸ್ ಚಪ್ಪಟೆಯಾಗಿದ್ದು ಶಂಕುವಿನ ತುದಿಯ ಮೇಲೇ ಕೂತು ಉಜ್ಜುತ್ತಿದ್ದರೆ ಅಲ್ಲಿ ಕಲೆ ಬೀಳುವ ಅಪಾಯ ಇದೆ. ಕಲೆ ಬಿದ್ದ ಜಾಗದಲ್ಲಿ ಯಾವ ಲೆನ್ಸೂ ಪೂರ್ತಿ ನೋಟ ಕೊಡಲಾರದು. ವಿಚಿತ್ರ ಅಂದರೆ ಹಾಗೆ ಒತ್ತುವ ಲೆನ್ಸಿನಲ್ಲಿ ನೋಟ ಚೆನ್ನಾಗಿಯೇ ಇರಬಹುದು, ಹಾಗಾಗಿ "ಚೆನ್ನಾಗಿ ಕಾಣ್ತಿದೆಯಲ್ಲ, ಇನ್ನೇನು" ಅಂತ ವರ್ಷಗಟ್ಟಲೆ ಚೆಕಪ್‌ಗೆ ಹೋಗದೆ ಇರಬೇಡಿ. ಇದನ್ನು ಪತ್ತೆ ಹಚ್ಚುವ ರೀತಿ ನೋಡಲು ಚೆಂದ. ಫ್ಲೋರೆಸೀನ್ ಅನ್ನುವ ಬಣ್ಣ ಸೋಕಿಸಿದ ಕಾಗದದ ಪಟ್ಟಿಯನ್ನು ಕಣ್ಣಿಗೆ ತಾಗಿಸಿ, ನೀಲಿ ಬೆಳಕಲ್ಲಿ ನೋಡುತ್ತಾರೆ. ಕಣ್ಣೀರು ಆಳವಾಗಿ ನಿಂತ ಕಡೆ ಹಸಿರಾಗಿ ಹೊಳೆಯುತ್ತದೆ, ಲೆನ್ಸ್ ತಾಗಿದ ಕಡೆ ಕಪ್ಪಾಗಿ ಕಾಣುತ್ತದೆ. ತುದಿಯಲ್ಲಿ ದೊಡ್ಡ ಕಪ್ಪು ಕಲೆ ಕಂಡರೆ ಆ ಲೆನ್ಸ್ ಬೇಡ. ನಮ್ಮ ಆಪ್ಟೋಮೆಟ್ರಿಸ್ಟ್ ಸ್ಕ್ರೀನಿನ ಮೇಲೆ ತೋರಿಸಿ ವಿವರಿಸಿದರು. ನೀವೂ ಕೇಳಿ, ತೋರಿಸುತ್ತಾರೆ.

ಸೆಮಿ ಸಾಫ್ಟ್ ತಡೆಯಲಾಗದವರಿಗೆ ನಡುವಿನ ದಾರಿಗಳಿವೆ. ಅಡಿಗೆ ಸಾಫ್ಟ್ ಲೆನ್ಸ್ ಹಾಕಿ ಅದರ ಮೇಲೆ ಸೆಮಿ ಸಾಫ್ಟ್ ಕೂರಿಸುವುದು ಒಂದು, ಪಿಗ್ಗಿಬ್ಯಾಕ್ ಅನ್ನುತ್ತಾರೆ. ಮಧ್ಯ ಗಟ್ಟಿ, ಸುತ್ತ ಮೆತ್ತಗೆ ಇರುವ ಹೈಬ್ರಿಡ್ ಲೆನ್ಸ್ ಇನ್ನೊಂದು.

ತಮ್ಮನ ಬಲಗಣ್ಣಿನ ಶಂಕು ಜಾಸ್ತಿಯಾಗಿ, ಸೆಮಿ ಸಾಫ್ಟ್ ನಿಲ್ಲದೆ ಜಾರಿ ಬೀಳುವುದಕ್ಕೆ ಶುರುವಾಯಿತು. ಒಂದು ಸಲ ಬಸ್ಸಿನಲ್ಲಿ ಬಿದ್ದು ಸಿಗಲೇ ಇಲ್ಲ. ಆಗ ಸ್ಕ್ಲೀರಲ್ ಲೆನ್ಸಿಗೆ ಹೋದೆವು. ಇದು ದೊಡ್ಡದು, 15 ಮಿಲಿಮೀಟರಿನಿಂದ ಮೇಲೆ. ಮೊದಲ ಸಲ ನೋಡಿದಾಗ ಇದು ಕಣ್ಣೊಳಗೆ ಹೋಗುತ್ತಾ ಅಂತ ಗಾಬರಿಯಾಗುತ್ತದೆ. ಆದರೆ ಹಾಕಿಕೊಂಡವರಿಗೆ ಆರಾಮ, ಯಾಕೆಂದರೆ ಅದು ಕಾರ್ನಿಯಾವನ್ನು ಮುಟ್ಟುವುದೇ ಇಲ್ಲ. ಕಣ್ಣಿನ ಬಿಳಿ ಭಾಗದ ಮೇಲೆ ಕೂತು, ಶಂಕುವಿನ ಮೇಲೆ ಸೇತುವೆಯ ಹಾಗೆ ಹಾದುಹೋಗುತ್ತದೆ. ಬಿಳಿ ಭಾಗಕ್ಕೆ ಅಷ್ಟು ಸೂಕ್ಷ್ಮತೆ ಇಲ್ಲ, ಅಂಚು ರೆಪ್ಪೆಯ ಅಡಿಗೆ ಸೇರಿಕೊಂಡಿರುತ್ತದೆ, ಧೂಳಿಗೂ ಒಳಗೆ ನುಗ್ಗಲು ಸುಲಭದ ದಾರಿ ಇಲ್ಲ. ನಡುವಿನ ಜಾಗಕ್ಕೆ ಸಲೈನ್ ತುಂಬಿರುತ್ತದೆ, ಆ ಪದರದ ದಪ್ಪ ಸುಮಾರು ಕಾಲು ಮಿಲಿಮೀಟರ್. ಇಡೀ ದಿನ ಕಾರ್ನಿಯಾ ನೀರಲ್ಲೇ ಇರುವುದರಿಂದ ಕಣ್ಣು ಒಣಗುವ ತೊಂದರೆ ಇದ್ದವರಿಗೂ ಇದು ಒಳ್ಳೆಯದು.

ಹಾಕುವುದನ್ನು ಕಲಿಯಲು ಅವನಿಗೆ ಒಂದು ವಾರ ಬೇಕಾಯಿತು. ಲೆನ್ಸನ್ನು ಚಿಕ್ಕ ರಬ್ಬರ್ ಹಿಡಿಕೆಯ ಮೇಲೆ ಇಟ್ಟು, ಅಂಚಿನ ತನಕ ಸಲೈನ್ ತುಂಬಿ, ಮುಖವನ್ನು ಪೂರ್ತಿ ನೆಲಕ್ಕೆ ಸಮನಾಗಿ ಬಗ್ಗಿಸಿ, ಎರಡೂ ರೆಪ್ಪೆ ಅಗಲ ಹಿಡಿದು ಮೇಲಕ್ಕೆ ಒತ್ತಬೇಕು. ಮುಖ ಸ್ವಲ್ಪ ಓರೆಯಾದರೂ ನೀರು ಚೆಲ್ಲಿ ಒಳಗೆ ಗಾಳಿಗುಳ್ಳೆ ಉಳಿಯುತ್ತದೆ. ಗುಳ್ಳೆ ಕಂಡರೆ ತೆಗೆದು ಮತ್ತೆ ಹಾಕಿ, ಹಾಗೇ ಬಿಡಬೇಡಿ. ತೆಗೆಯುವಾಗ ರಬ್ಬರ್ ಹಿಡಿಕೆಯನ್ನು ಲೆನ್ಸಿನ ಮಧ್ಯಕ್ಕೆ ಅಂಟಿಸಿ ಎಳೆಯಬಾರದು, ಅಂಚಿನ ಹತ್ತಿರ ಅಂಟಿಸಿ ಮೆಲ್ಲಗೆ ಎತ್ತಬೇಕು, ಆಗ ಒಳಗಿನ ಹಿಡಿತ ಬಿಟ್ಟುಕೊಳ್ಳುತ್ತದೆ. ಕೆಲವರಿಗೆ ಮಧ್ಯಾಹ್ನದ ಹೊತ್ತಿಗೆ ಒಳಗಿನ ನೀರು ಮಂಜಾಗುತ್ತದೆ. ತೆಗೆದು, ತೊಳೆದು, ಹೊಸ ಸಲೈನ್ ತುಂಬಿ ಹಾಕಿಕೊಂಡರೆ ಸರಿಹೋಗುತ್ತದೆ. ತಮ್ಮ ಆಫೀಸಿನ ಬ್ಯಾಗಲ್ಲಿ ಇದಕ್ಕೆಂದೇ ಒಂದು ಡಬ್ಬಿ ಇಟ್ಟುಕೊಂಡಿದ್ದಾನೆ.

ಖರ್ಚಿನ ಮಾತು ಮುಚ್ಚಿಡಬಾರದು. ಸೆಮಿ ಸಾಫ್ಟ್ ಸಾವಿರಗಳ ಲೆಕ್ಕದಲ್ಲಿ ಮುಗಿದರೆ ಸ್ಕ್ಲೀರಲ್ ಹತ್ತಾರು ಸಾವಿರಕ್ಕೆ ಹೋಗುತ್ತದೆ, ಕೆಲವು ವರ್ಷಕ್ಕೊಮ್ಮೆ ಬದಲಾಯಿಸಲೂಬೇಕು. ತುಂಬಾ ಕಷ್ಟದ ಕಣ್ಣುಗಳಿಗೆ ಮಾಡುವ ಪ್ರೋಸ್ ಅನ್ನುವ ಸ್ಕ್ಲೀರಲ್ ಸಾಧನ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ ಮತ್ತು ಚೆನ್ನೈನ ಶಂಕರ ನೇತ್ರಾಲಯದಲ್ಲಿ ಸಿಗುತ್ತದೆ. ನಮ್ಮಲ್ಲಿ ತಾಲ್ಲೂಕು ಕೇಂದ್ರದಿಂದ ಬರುವವರಿಗೆ ಲೆನ್ಸಿಗಿಂತ ಓಡಾಟವೇ ಭಾರ, ಯಾಕೆಂದರೆ ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸ ಇದಲ್ಲ. ಟ್ರಯಲ್ ಲೆನ್ಸ್ ಹಾಕಿ ನೋಡಿ, ಅಳತೆ ಕೊಟ್ಟು, ಲೆನ್ಸ್ ಮಾಡಿಸಿ, ಬಂದ ಮೇಲೆ ಕೆಲವು ಗಂಟೆ ಹಾಕಿಸಿ ನೋಡಿ, ಅಂಚು ಒತ್ತಿದರೆ ವಾಪಸ್ ಕಳಿಸಿ ಇನ್ನೊಂದು ಮಾಡಿಸಬೇಕು. ಹೋಗುವ ಮುಂಚೆಯೇ ಫೋನ್ ಮಾಡಿ, ಅಲ್ಲಿ ಸ್ಕ್ಲೀರಲ್ ಟ್ರಯಲ್ ಸೆಟ್ ಇದೆಯಾ, ಎಷ್ಟು ಸಲ ಬರಬೇಕು, ಸರಿಹೊಂದದಿದ್ದರೆ ಬದಲಿಸಿ ಕೊಡುತ್ತೀರಾ ಅಂತ ಕೇಳಿಕೊಳ್ಳಿ. ನಮಗೆ ಮೂರನೇ ಲೆನ್ಸ್ ಕೂತಿತು. ಮೊದಲನೆಯದು ಹೊಂದಲಿಲ್ಲ ಅಂತ ಲೆನ್ಸೇ ಆಗಲ್ಲ ಅನ್ನುವ ತೀರ್ಮಾನಕ್ಕೆ ಬಂದು ಬಿಟ್ಟುಬಿಟ್ಟವರನ್ನು ಕಾಯುವ ಸಾಲಿನಲ್ಲಿ ಎಷ್ಟೋ ಸಲ ಭೇಟಿಯಾಗಿದ್ದೇನೆ, ಬೇಜಾರಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಲೆನ್ಸ್ ರೋಗವನ್ನು ನಿಲ್ಲಿಸುವುದಿಲ್ಲ. ಲೆನ್ಸ್ ನೋಟ ಕೊಡುತ್ತದೆ, ಅಷ್ಟೇ ಅದರ ಕೆಲಸ. ಒಳಗೆ ಕಾರ್ನಿಯಾ ತೆಳುವಾಗುತ್ತಾ ಹೋಗುತ್ತಿದ್ದರೆ ಅದನ್ನು ತಡೆಯುವುದಕ್ಕೆ ಬೇರೆ ಚಿಕಿತ್ಸೆ ಇದೆ, ಕ್ರಾಸ್ ಲಿಂಕಿಂಗ್. ಇಲ್ಲಿ ಸಿ3ಆರ್ ಅಂತಲೂ ಕರೆಯುತ್ತಾರೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರೂಪುಗೊಂಡ ವಿಧಾನ ಅದು. ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್ ಹನಿ ಹಾಕಿ, ಅಳತೆಯಷ್ಟು ಅಲ್ಟ್ರಾವಯಲೆಟ್ ಬೆಳಕು ಬಿಟ್ಟು, ಕಾರ್ನಿಯಾದ ಎಳೆಗಳ ನಡುವೆ ಹೊಸ ಬೆಸುಗೆ ಹಾಕಿ ಗಟ್ಟಿ ಮಾಡುತ್ತಾರೆ. ಅದು ರೋಗ ತಡೆಯುತ್ತದೆ, ಆದರೆ ಹೋದ ನೋಟವನ್ನು ಪೂರ್ತಿ ವಾಪಸ್ ತರುವುದಿಲ್ಲ. ಹಾಗಾಗಿ ಬಹಳ ಜನರಿಗೆ ಎರಡೂ ಬೇಕಾಗುತ್ತದೆ. ಸಿ3ಆರ್ ಆದ ಮೇಲೂ ಲೆನ್ಸ್ ಬೇಕು ಅಂದಾಗ ನಮ್ಮ ತಂದೆ "ಹಾಗಾದರೆ ಆಪರೇಷನ್ ಫೇಲ್ ಆಯ್ತಾ" ಅಂತ ಕೇಳಿದ್ದರು. ಇಲ್ಲ, ಅದು ಫೇಲ್ ಆಗಿರಲಿಲ್ಲ. ಅದರ ಕೆಲಸ ಬೇರೆ, ಲೆನ್ಸಿನ ಕೆಲಸ ಬೇರೆ. ಕಾರ್ನಿಯಾ ತೀರಾ ತೆಳುವಾದ ಮೇಲೆ ಸಿ3ಆರ್ ಮಾಡುವುದೂ ಕಷ್ಟ. ಅದಕ್ಕೇ ಚಿಕ್ಕ ವಯಸ್ಸಿನವರಲ್ಲಿ ಲೆನ್ಸಿನಿಂದ ಚೆನ್ನಾಗಿ ಕಾಣುತ್ತಿದ್ದರೂ ಟೋಪೋಗ್ರಫಿ ಮತ್ತೆ ಮತ್ತೆ ಮಾಡಿಸಿ ಹೋಲಿಸುತ್ತಿರಬೇಕು. ಸೆಮಿ ಸಾಫ್ಟ್ ಹಾಕುವವರು ಆ ಪರೀಕ್ಷೆಗೆ ಎಷ್ಟು ದಿನ ಮುಂಚೆ ಲೆನ್ಸ್ ಬಿಡಬೇಕು ಅಂತ ಕೇಳಿಕೊಳ್ಳಿ, ಇಲ್ಲದಿದ್ದರೆ ಲೆನ್ಸ್ ಒತ್ತಿದ ಆಕಾರವೇ ಅಳತೆಯಲ್ಲಿ ಬರುತ್ತದೆ.

ನೆಂಟರು ಹೇಳುವ "ಲೇಸರ್ ಮಾಡಿಸಿಬಿಡಿ, ಪವರೇ ಹೋಗುತ್ತೆ" ಅನ್ನುವ ಮಾತಿಗೆ ಮಾತ್ರ ಕಿವಿ ಕೊಡಬೇಡಿ. ಲೇಸಿಕ್ ಅಂದರೆ ಕಾರ್ನಿಯಾವನ್ನು ಕೆತ್ತಿ ತೆಗೆಯುವುದು. ಮೊದಲೇ ತೆಳುವಾಗಿರುವುದನ್ನು ಇನ್ನೂ ತೆಳು ಮಾಡಿದರೆ ಕಣ್ಣು ಹಾಳಾಗುತ್ತದೆ.

ಶುಚಿತ್ವದಲ್ಲಿ ಒಂದು ವಿಷಯಕ್ಕೆ ರಿಯಾಯಿತಿಯೇ ಇಲ್ಲ, ಲೆನ್ಸಿಗೆ ನಲ್ಲಿ ನೀರು ತಾಗಲೇಬಾರದು. ಫಿಲ್ಟರ್ ನೀರೂ ಅಲ್ಲ, ಕುದಿಸಿ ಆರಿಸಿದ್ದೂ ಅಲ್ಲ. ನೀರಲ್ಲಿರುವ ಅಕಾಂತಮೀಬಾ ಅನ್ನುವ ಸೂಕ್ಷ್ಮಜೀವಿ ಲೆನ್ಸ್ ಮೂಲಕ ಕಾರ್ನಿಯಾಗೆ ಹೊಕ್ಕರೆ ತಿಂಗಳುಗಟ್ಟಲೆ ನರಳಬೇಕಾಗುತ್ತದೆ, ನೋಟವೇ ಹೋಗಬಹುದು. ಕೈ ಸೋಪಲ್ಲಿ ತೊಳೆದು ಪೂರ್ತಿ ಒರೆಸಿಕೊಂಡೇ ಲೆನ್ಸ್ ಮುಟ್ಟಬೇಕು. ಸ್ನಾನಕ್ಕೆ ಮುಂಚೆ ಲೆನ್ಸ್ ತೆಗೆಯಬೇಕು. ಸ್ಕ್ಲೀರಲ್ ಒಳಗೆ ತುಂಬುವ ಸಲೈನ್ ಪ್ರಿಸರ್ವೇಟಿವ್ ಇಲ್ಲದ್ದಾಗಿರಬೇಕು, ಒಂದು ಸಲ ಒಡೆದು ಬಳಸಿ ಬಿಸಾಡುವ ಚಿಕ್ಕ ಟ್ಯೂಬ್ ಆದರೆ ನಿಶ್ಚಿಂತೆ. ಲೆನ್ಸ್ ಹಾಕಿಕೊಂಡು ಮಲಗಬಾರದು. ಕಣ್ಣು ಕೆಂಪಾಗಿ, ನೋವು ಬಂದು, ಬೆಳಕು ನೋಡಲಾಗದಂತಾದರೆ ಲೆನ್ಸ್ ತೆಗೆದು ಅವತ್ತೇ ಡಾಕ್ಟರ ಹತ್ತಿರ ಹೋಗಿ, ನಾಳೆ ನೋಡೋಣ ಅನ್ನಬೇಡಿ.

ರಾತ್ರಿ ಲೆನ್ಸ್ ತೆಗೆದ ಮೇಲೆ ತಮ್ಮನ ಪ್ರಪಂಚ ಮತ್ತೆ ಹಳೆಯ ಹಾಗೆ. ಹಳೆ ಕನ್ನಡಕ ಹಾಸಿಗೆ ಪಕ್ಕದಲ್ಲಿರುತ್ತದೆ, ಬಾತ್‌ರೂಮಿಗೆ ಹೋಗಿ ಬರುವಷ್ಟು ಕಾಣುತ್ತದೆ. ಅದನ್ನವನು ಈಗ ದೊಡ್ಡ ವಿಷಯ ಅಂತ ಎಣಿಸುವುದಿಲ್ಲ.

ಅವನಿಗೆ ಹೀಗಾದ ಮೇಲೆ ಡಾಕ್ಟರು ಒಡಹುಟ್ಟಿದವರದ್ದೂ ಒಮ್ಮೆ ನೋಡೋಣ ಅಂದರು. ನನ್ನ ಟೋಪೋಗ್ರಫಿ ಸರಿಯಾಗಿತ್ತು. ಚಿಕ್ಕಮ್ಮನ ಮಗಳಿಗೆ 12 ವರ್ಷ, ಅವಳಿಗೂ ಬೇಸಿಗೆಯಲ್ಲಿ ಕಣ್ಣು ತುರಿಕೆ. ಅವಳನ್ನೂ ಕರೆದುಕೊಂಡು ಹೋಗಿದ್ದೆವು. ಸದ್ಯಕ್ಕೆ ಏನೂ ಇಲ್ಲ, ಅಲರ್ಜಿಗೆ ಡ್ರಾಪ್ಸ್ ಕೊಟ್ಟು ವರ್ಷಕ್ಕೊಮ್ಮೆ ಬನ್ನಿ ಅಂದಿದ್ದಾರೆ. ಊರಿಗೆ ಬಂದಾಗ ಅವಳ ಕೈ ಕಣ್ಣಿನ ಕಡೆ ಹೋಗುವುದು ಕಂಡರೆ ಸಾಕು, ತಮ್ಮ ಮೆಲ್ಲಗೆ ಹಿಡಿದು ಕೆಳಗಿಳಿಸಿ, ಒದ್ದೆ ಕರವಸ್ತ್ರ ಮಡಚಿ ಅವಳ ಮುಚ್ಚಿದ ಕಣ್ಣಿನ ಮೇಲೆ ಇಡುತ್ತಾನೆ.